ಅಂಜುಮಳ ಆಕ್ಸೊಲಾಟ್ಲ್

ತಬಸ್ಸುಮ ಬೇಟಾ,

ನನ್ನ ತಂಗಿಗೆ ಜ್ವರ ಹೆಚ್ಚಾಗಿದೆಯಂತೆ, ಜೇವರ್ಗಿಗೆ ಹೊರಟಿದ್ದೇನೆ. ನಿನಗೆ ಈಗಷ್ಟೇ ನಿದ್ದೆ ಹತ್ತಿತ್ತು, ಎಬ್ಬಿಸಲು ಮನಸ್ಸು ಬರಲಿಲ್ಲ.

ಅಂಜುಮ ತೀರಿಕೊಂಡ ಮೇಲೆ ನೀನು ಮಗಳ ಕೋಣೆಗೆ ಕಾಲಿಟ್ಟಿಲ್ಲ. ಹೋಗು ಅಂತ ನಾನೂ ಹೇಳಿಲ್ಲ. ಇವತ್ತು ಮಾತ್ರ ಹೋಗಲೇಬೇಕು, ಗಾಜಿನ ತೊಟ್ಟಿಯಲ್ಲಿರುವ ಅವಳ ನೀರುಹಲ್ಲಿ ಆಕ್ಸೊಲಾಟ್ಲ್‌ಗೆ ಬೇರೆ ಯಾರೂ ಇಲ್ಲ.

ಈ ಬಿಸಿಲಿಗೆ ತೊಟ್ಟಿಯ ನೀರು ಕಾದರೆ ಅದು ಬದುಕುವುದಿಲ್ಲ. ನಮ್ಮ ಫ್ರಿಜ್ ಕೆಟ್ಟಾಗಿನಿಂದ ಪಕ್ಕದ ಮನೆಯ ಮಥುರಾಬಾಯಿಯೇ ಬಾಟಲಿಯಲ್ಲಿ ಐಸ್ ಮಾಡಿ ಕೊಡುತ್ತಿದ್ದಾರೆ. "ನಮ್ಮ ಮಸರಿಗಿಂತ ನಿಮ್ಮ ಹಲ್ಲಿಗೇ ತಂಪು ಜಾಸ್ತಿ ಬೇಕಲ್ರಿ" ಅಂತ ನಗುತ್ತಾರೆ, ಆದರೆ ಮೊಸರನ್ನು ಹೊರಗಿಟ್ಟು ಬಾಟಲಿಗೆ ಜಾಗ ಮಾಡುತ್ತಾರೆ. ಮಧ್ಯಾಹ್ನ ಅವರೇ ತರುತ್ತಾರೆ. ಬಾಟಲಿಯ ಮುಚ್ಚಳ ತೆಗೆಯದೆ ಹಾಗೇ ತೊಟ್ಟಿಯಲ್ಲಿ ತೇಲಿಬಿಡು. ಎರೆಹುಳು ಕಿಟಕಿಯ ಕೆಳಗಿನ ಡಬ್ಬಿಯಲ್ಲಿವೆ, ಒಂದು ಸಾಕು. ಕೈಗೆ ಸಾಬೂನಿನ ವಾಸನೆಯೂ ಇರಬಾರದು.

ಇವತ್ತು ಗುರುವಾರ, ಜುಮೇರಾತ್. ಲೋಬಾನದ ಧೂಪ ಅವಳ ಕೋಣೆಯಲ್ಲಿ ಹಾಕಬೇಡ, ತೊಟ್ಟಿಗೆ ಹೊಗೆ ಆಗುವುದಿಲ್ಲ. ಪಡಸಾಲೆಯಲ್ಲೇ ಹಾಕಿ ಫಾತಿಹಾ ಓದು. ಅವಳಿಗೆ ಅಲ್ಲಿಂದಲೂ ತಲುಪುತ್ತದೆ.

ತೊಟ್ಟಿಗೆ ನೆರಳಾಗಲೆಂದು ಹೊದಿಸಿರುವುದು ಅವಳ ದುಪಟ್ಟಾ. ಅದು ನಿನಗೆ ಬೇಕೆನಿಸಿದರೆ ತೆಗೆದುಕೋ. ಬದಲಿಗೆ ಹೊದಿಸಲು ನನ್ನ ಹಳೆಯ ಸೀರೆ ಪಕ್ಕದಲ್ಲೇ ಇಟ್ಟಿದ್ದೇನೆ.

ನೀನು ಹತ್ತಿರ ಹೋದರೆ ಅದು ಗಾಜಿನ ಬಳಿ ಬರುತ್ತದೆ. ಹಸಿವಿಗೆ ಬರುತ್ತದೆ ಅಷ್ಟೆ, ಅವಳೇ ಬಂದಳು ಅಂದುಕೊಂಡಲ್ಲ. ಅದು ನನಗೂ ಗೊತ್ತು. ಆದರೂ ದಿನಾ ಸ್ವಲ್ಪ ಹೊತ್ತು ಅಲ್ಲೇ ನಿಲ್ಲುತ್ತೇನೆ. ನೀನೂ ನಿಲ್ಲು.

ನಿನ್ನ ಅತ್ತೆ