ನೂರಜಾನಬಿಗೆ ಇಲ್ಲದ ಬಿಪಿ ಗುಣವಾದ ಬಗ್ಗೆ

ಹಿರಿಯರ ಆರೋಗ್ಯ ಸಮೀಕ್ಷೆಯ ಮೇಲಧಿಕಾರಿಗಳೇ,

ನಮ್ಮವ್ವ ಕಳಕಮ್ಮನ ಬಿಪಿ ಗುಳಿಗೆಗಳನ್ನು ನೀವು ಎರಡು ಸಲ ನಿಲ್ಲಿಸಿದ್ದೀರಿ. ಮೊದಲ ಸಲ ಆಕೆಗೆ ರೋಗವೇ ಇಲ್ಲವೆಂದು. ಈಗ, ಆಕೆಯ ಗೆಳತಿಗೆ ರೋಗ ಗುಣವಾಯಿತೆಂದು! ಎರಡಕ್ಕೂ ನಿಮಗಿದ್ದ ಆಧಾರ ಮಕ್ಕಳ ಹೇಳಿಕೆ. ಆ ಮಕ್ಕಳಲ್ಲಿ ಒಬ್ಬ ನಾನೇ.

ನಿಮ್ಮ ಸಮೀಕ್ಷಕರು ಮನೆಗೆ ಬಂದಾಗ ಅವ್ವ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದಳು. ನಾನು ಧರಣಿಗೆ ಹೊರಟಿದ್ದೆ. "ನಿಮ್ಮ ತಾಯಿಯವರು ವರ್ಷದಾಗ ಎಷ್ಟ ಸಲ ದವಾಖಾನಿಗೆ ಹೋಗ್ಯಾರ್ರಿ?" ಎಂದು ನನ್ನನ್ನು ಕೇಳಿದರು. "ಒಂದೆರಡ ಸಲ ಹೋಗಿರಬೇಕು ನೋಡ್ರಿ," ಎಂದೆ.

"ತಿಂಗಳಿಗೊಮ್ಮಿ ಹೋಗೀನಲೇ ಖೋಡಿ!" ಎಂದಳು ಅವ್ವ.

ಅವರು ಕೈ ಮುಗಿದು, "ಯವ್ವಾ, ನೀವು ಸುಮ್ಕ ಕುಂದರ್ರಿ. ನಿಮ್ಮ ಬಗ್ಗೆ ಕೇಳಾಕತ್ತೀನಿ," ಎಂದರು.

ಎಪ್ಪತ್ತು ದಾಟಿದವರ ನೆನಪು ನಂಬುವಂಥದ್ದಲ್ಲ, ಮನೆಯವರ ಮಾತೇ ಪ್ರಮಾಣ ಎನ್ನುತ್ತದೆ ನಿಮ್ಮ ಸುತ್ತೋಲೆ. ತನ್ನ ಎದೆ ಢವಢವ ಅನ್ನುವುದು ಆಕೆಗೆ ತಿಳಿಯದು, ಮೂರು ದಿನಕ್ಕೊಮ್ಮೆ ಮನೆ ಸೇರುವ ನನಗೆ ತಿಳಿಯುತ್ತದೆ! ಊರವರ ಹಕ್ಕಿಗಾಗಿ ಮೈಕು ಹಿಡಿದು ಒದರುವ ನನಗೆ ಅವ್ವ ಯಾವ ಗುಳಿಗೆ ನುಂಗುತ್ತಾಳೆಂದು ಗೊತ್ತಿರಲಿಲ್ಲ. ನಾಚಿಕೆ ನನ್ನದು. ಆದರೆ ಆ ಅಜ್ಞಾನಕ್ಕೆ ಸೀಲು ಹೊಡೆದವರು ಯಾರು?

ಪಕ್ಕದ ಮನೆಯ ನೂರಜಾನಬಿ ಪ್ರತಿ ಸಲ ಅವ್ವನ ಜೊತೆಗೆ ಹೋಗುತ್ತಿದ್ದಳು, ಬರೀ ಜೊತೆಗೆ. ಒಬ್ಬಾಕೆ ಚೀಟಿಯ ಸಾಲಿಗೆ, ಒಬ್ಬಾಕೆ ಗುಳಿಗೆಯ ಸಾಲಿಗೆ. ಆಕೆಯ ಮಗ ಮುನವ್ವರ ತನ್ನ ಟೇಲರ್ ಅಂಗಡಿಯಿಂದ ತಾಯಿ ಬಸ್ಸು ಹತ್ತುವುದನ್ನು ನೋಡಿದ್ದ. "ಅಮ್ಮಾಗ ಬಿಪಿ ಭಾಳ ಐತ್ರಿ, ತಿಂಗಳಾ ಹೋಗ್ತಾಳ," ಎಂದು ಪ್ರೀತಿಯಿಂದ ಬರೆಸಿದ. ಗುಂಡುಕಲ್ಲಿನ ಹಾಗಿರುವ ನೂರಜಾನಬಿಗೆ ಮನೆ ಬಾಗಿಲಿಗೇ ಗುಳಿಗೆ ಬಂದವು. ವರ್ಷಕ್ಕೆ ಒಂದೆರಡು ಸಲ ಹೋದಾಕೆಗೆ ರೋಗವಿಲ್ಲವೆಂದು ಬರೆದ ನಿಮ್ಮ ಪಟ್ಟಿ ನೋಡಿ, ಅವ್ವನನ್ನು ಆಸ್ಪತ್ರೆಯ ಕಿಟಕಿಯಿಂದ, "ಯಾದ್ಯಾಗ ನಿಮಗ ಬಿಪಿ ಇಲ್ಲಬೇ," ಎಂದು ವಾಪಸು ಕಳಿಸಿದರು.

ನಾನು ನಿಮ್ಮ ಕಚೇರಿಗೆ ಬಂದು, ನಾನು ಹೇಳಿದ್ದು ತಪ್ಪು ಎಂದೆ. ಗುಮಾಸ್ತರು ಕಡತ ತಿರುವಿ ನೋಡಿದರು. "ನೀವು ನಂಬಿಗಸ್ತ ಮಾಹಿತಿದಾರರು ಅದೀರಿ. ನಿಮ್ಮ ಮಾತಿನ ವಿರುದ್ಧ ನಿಮ್ಮ ಮಾತು ತಗೊಳ್ಳಾಕ ಬರಂಗಿಲ್ಲ," ಎಂದರು. ನನ್ನ ಬದುಕಿನಲ್ಲಿ ಸರಕಾರ ನನ್ನನ್ನು ನಂಬಿದ್ದು ಅದೊಂದೇ ಸಲ.

ಕೊನೆಗೆ ದಾರಿ ಕಂಡುಕೊಂಡವರು ಆ ಇಬ್ಬರು ಹೆಂಗಸರು. ಬಂದ ಗುಳಿಗೆಗಳನ್ನು ನೂರಜಾನಬಿ ಗಿಡ್ಡ ಗೋಡೆಯ ಮೇಲಿಂದ ಅವ್ವನಿಗೆ ದಾಟಿಸಿದಳು. "ಅಕ್ಕಾ, ನಿನ್ನ ಮಗ ನಿನಗ ಆರಾಮ ಮಾಡ್ಯಾನ, ನನ್ನ ಮಗ ನನಗ ಬ್ಯಾನಿ ಹಚ್ಚ್ಯಾನ. ಇಬ್ರೂ ಡಾಕ್ಟರ್ ಆಗಬೇಕಿತ್ತು!"

ಆರು ತಿಂಗಳು ಹೀಗೆ ಸಾಗಿತು. ಆಮೇಲೆ ನಿಮ್ಮ ನರ್ಸಮ್ಮ ಬಂದು ನೂರಜಾನಬಿಯ ತೋಳಿಗೆ ಪಟ್ಟಿ ಸುತ್ತಿದರು. ಬಿಪಿ ಸರಿಯಾಗಿತ್ತು! "ನಾ ಒಂದ ಗುಳಿಗಿನೂ ನುಂಗಿಲ್ಲವ್ವಾ," ಎಂದಳು ಆಕೆ. "ನುಂಗ್ಯಾಳ ಅಂತ ನಿಮ್ಮ ಮಗ ಸಹಿ ಮಾಡ್ಯಾನ್ರಿ," ಎಂದರು ನರ್ಸಮ್ಮ. ನೀವು ಆಕೆಯನ್ನು ಕೊಪ್ಪಳಕ್ಕೆ ಕರೆಸಿ, ಶಾಲು ಹೊದಿಸಿ, 'ಆದರ್ಶ ರೋಗಿ' ಎಂದಿರಿ. ಗುಣವಾದವರಿಗೆ ಗುಳಿಗೆ ಏಕೆ ಎಂದು ಮರುದಿನವೇ ನಿಲ್ಲಿಸಿದಿರಿ.

ಸ್ವಾಮಿ, ಅವ್ವನ ಬಳಿ ಒಂಬತ್ತು ಗುಳಿಗೆ ಉಳಿದಿವೆ. ಹೆಚ್ಚು ದಿನ ಬರಲೆಂದು ಮುರಿದು ಅರ್ಧರ್ಧ ನುಂಗುತ್ತಿದ್ದಾಳೆ. ನಿನ್ನೆ ಒಲೆಯ ಮುಂದೆ ತಲೆ ತಿರುಗಿ ಕೂತುಬಿಟ್ಟಳು.

ಅವು ಮುಗಿಯುವ ಮುನ್ನ ಬಿಪಿ ಯಂತ್ರದೊಡನೆ ಒಬ್ಬರನ್ನು ಕಳಿಸಿ. ಅವ್ವನನ್ನೇ ಕೇಳಿ, ಅವ್ವ ಹೇಳಿದ್ದನ್ನೇ ಬರೆಯಿರಿ. ಅಂದು ನಾನೂ ಮುನವ್ವರನೂ ಮನೆಯಲ್ಲಿರುವುದಿಲ್ಲ. ನಿಮ್ಮ ಕಚೇರಿಯ ಮೆಟ್ಟಿಲ ಮೇಲೆ ಕೂತಿರುತ್ತೇವೆ. ಗುಳಿಗೆ ಕೈ ಸೇರಿತೆಂದು ಅವ್ವನೇ ಫೋನು ಮಾಡುವವರೆಗೆ ಏಳುವುದಿಲ್ಲ.

ಇಂತಿ,
ನಿಮ್ಮ ಕಡತದಲ್ಲಿ ಮಾತ್ರ ತಾಯಿಯ ಬಗ್ಗೆ ಎಲ್ಲ ಬಲ್ಲ ಮಗ,
ಕೊಟ್ರಬಸಪ್ಪ
ಯಲಬುರ್ಗಾ ಸೀಮೆಯ ಮಂಗಳೂರು