ಹನ್ನೊಂದನೇ ಪಾಠದ ಬಲಗೈ

ಮಾರ್ಚ್ ೪, ಮಂಗಳವಾರ. ಬೆಳಿಗ್ಗೆ ೧೧.೧೫

ಹೊಸ ಬ್ಯಾಚಿನ ಮೌಖಿಕ ಪರೀಕ್ಷೆ. ಹದಿನಾಲ್ಕು ಜನ, ಎಲ್ಲರೂ ಜಪಾನಿನ ವೃದ್ಧಾಶ್ರಮಗಳಿಗೆ ಆರೈಕೆಯ ಕೆಲಸಕ್ಕೆ ಹೋಗುವವರು. ಕಲಿತದ್ದೆಲ್ಲ ನನ್ನ ವಿಡಿಯೊ ಪಾಠಗಳಿಂದ. ವಿಡಿಯೊದಲ್ಲಿ ಕಲಿತ ಬ್ಯಾಚನ್ನು ಎದುರಿಗೆ ನಿಲ್ಲಿಸಿ ಕೇಳಿದ್ದು ಇದೇ ಮೊದಲು. ನಿಲ್ಲಿ, ಕೂರಿ, ಬಾಗಿಲು ತೆರೆಯಿರಿ... ಸರಿಯಾಗಿ ಮಾಡಿದರು. ಆಮೇಲೆ ಬಲಗೈ ಎತ್ತಲು ಹೇಳಿದೆ. ಬಲ ಎಂದರೆ ಜಪಾನಿ ಭಾಷೆಯಲ್ಲಿ ಮಿಗಿ.

ಹದಿಮೂರು ಎಡಗೈಗಳು ಎದ್ದವು. ಒಟ್ಟಿಗೆ. ಅನುಮಾನವೇ ಇಲ್ಲದೆ. ಮೂಲೆಯವಳೊಬ್ಬಳು ಬಲಗೈ ಎತ್ತಿದ್ದಳು. ಪಕ್ಕದವರನ್ನು ನೋಡಿ ಇಳಿಸಿ, ಎಡಗೈ ಎತ್ತಿದಳು.

ಇಪ್ಪತ್ತೆರಡು ವರ್ಷ ಕಲಿಸಿದ ಪದ. ಒಂದು ಕ್ಷಣ ನನಗೇ ಮರೆತಿದೆಯೇನೋ ಅನ್ನಿಸಿತು. ಮೇಜಿನ ಕೆಳಗೆ ನನ್ನ ಕೈಗಳನ್ನು ನೋಡಿಕೊಂಡೆ.

“ಮಿಗಿ ಅಂದ್ರೆ ಈ ಕೈ ಅಂತ ಯಾರು ಹೇಳಿದ್ದು?”

“ನೀವೇ ಮೇಡಂ. ಹನ್ನೊಂದನೇ ಪಾಠದಲ್ಲಿ.”

೧೨.೩೦

ಪಾಠ ಹಾಕಿ ನೋಡಿದೆ. ಕ್ಯಾಮೆರಾಗೆ ಬೆನ್ನು ಮಾಡಿ ನಿಂತಿದ್ದೇನೆ — ನನ್ನ ಬಲವೇ ನೋಡುವವರ ಬಲವೂ ಆಗಲಿ ಎಂದು ಯೋಚಿಸಿಯೇ ನಿಂತದ್ದು. ಮಿಗಿ ಎನ್ನುತ್ತಾ ಎತ್ತುವುದು ಎಡಗೈ. ವಾಚು ಬಲ ಮಣಿಕಟ್ಟಿನಲ್ಲಿ. ಜನ್ಮದಲ್ಲಿ ಅಲ್ಲಿ ಕಟ್ಟಿದವಳಲ್ಲ.

ವಿಡಿಯೊ ಎಡಿಟರನ್ನು ಕರೆದೆ.

“ಹತ್ತನೇ ಪಾಠದಲ್ಲಿ ಬೆಳಕು ಈ ಕಡೆಯಿಂದ ಬರ್ತಿತ್ತು ಮೇಡಂ, ಇದ್ರಲ್ಲಿ ಆ ಕಡೆಯಿಂದ. ಹೊಂದ್ಲಿ ಅಂತ ಇದೊಂದನ್ನ ಫ್ಲಿಪ್ ಮಾಡ್ದೆ, ಕನ್ನಡೀಲಿ ಕಾಣೋ ಹಾಗೆ. ಬೆನ್ನು ತಾನೆ? ಬೆನ್ನಿಗೇನು ಅಂದಚಂದ?” ನಕ್ಕ. ನನ್ನ ಮುಖ ನೋಡಿ ನಿಲ್ಲಿಸಿದ.

ವಿಡಿಯೊದಲ್ಲಿ ನಮ್ಮ ಭಾಷೆಯ ಒಂದು ಪದವೂ ಇರಬಾರದು. ಈ ನಿಯಮ ನನ್ನದೇ. ಅನುವಾದದ ಕಾದಂಬರಿ ಓದುವಾಗೆಲ್ಲ ನಡುವೆ ಇನ್ನೊಬ್ಬರು ಕೂತಿದ್ದಾರೆ ಅನ್ನಿಸುತ್ತದೆ. ಪಾಠದಲ್ಲಿ ಅವರು ಬೇಡ, ಅರ್ಥವನ್ನು ಚಿತ್ರವೇ ಹೇಳಲಿ ಎಂದಿದ್ದೆ. ಚಿತ್ರ ಹೇಳಿತು. ಕಂಪ್ಯೂಟರ್ ಪರೀಕ್ಷೆಯ ಚಿತ್ರಗಳೂ ಇದೇ ವಿಡಿಯೊದವು. ಎಲ್ಲರಿಗೂ ಪೂರ್ತಿ ಅಂಕ.

ಇದನ್ನೇ ಕಲಿತ ಹಿಂದಿನ ಬ್ಯಾಚಿನ ಮೂವತ್ತೊಂದು ಜನ ಒಂಬತ್ತು ದಿನದ ಹಿಂದೆ ವಿಮಾನ ಹತ್ತಿದ್ದಾರೆ. ಅವರಲ್ಲಿ ನನ್ನ ತಂಗಿ ಒಬ್ಬಳು. ನಿನ್ನೆಯಿಂದ ಕೆಲಸ.

೨.೧೦

ತಂಗಿಗೆ ಮೂರು ಸಲ ಫೋನ್ ಮಾಡಿದೆ. ಎತ್ತಲಿಲ್ಲ. ಫೋನ್ ಲಾಕರಿನಲ್ಲಿರಬೇಕು. ಮೆಸೇಜ್ ಕಳಿಸಿದೆ: “ಫೋನ್ ಮಾಡು.” ಅಷ್ಟೇ. ಯಾಕೆ ಎಂದು ಬರೆಯಲಿಲ್ಲ.

ಪಾರ್ಶ್ವವಾಯು ಬಡಿದವರ ಬಟ್ಟೆ ಬದಲಿಸುವಾಗ ಸ್ವಾಧೀನವಿಲ್ಲದ ಕೈಯನ್ನು ಎಳೆಯಬಾರದು. ಅದು ಯಾವ ಕೈ ಎಂದು ಅಲ್ಲಿನ ನರ್ಸುಗಳು ಒಂದೇ ಮಾತಿನಲ್ಲಿ ಹೇಳುತ್ತಾರೆ. ಆ ಒಂದು ಮಾತು...

ಸಂಸ್ಥೆಯ ಮುಖ್ಯಸ್ಥರಿಗೆ ಹೇಳಿದೆ. ಕನ್ನಡಕ ಒರೆಸಿಕೊಂಡರು.

“ಯಾರಾದ್ರೂ ಕೇಳಿದ್ರಾ? ಇಲ್ವಲ್ಲ. ಕುಂಬಳಕಾಯಿ ಕಳ್ಳ ಅನ್ನೋಕ್ಕೆ ಮುಂಚೇನೇ ಹೆಗಲು ಮುಟ್ಟಿ ನೋಡ್ಕೊಳ್ತೀರಲ್ಲ. ವಿಡಿಯೊ ಸರಿ ಮಾಡಿಸಿ. ಹೋದವರಿಗೆ ಆಫೀಸಿನಿಂದ ತಿಳಿಸ್ತೀವಿ. ನೀವು ಬೇಡ.”

ನಂಬಿದೆ. ನಂಬುವುದು ಸುಲಭವಾಗಿತ್ತು.

ಮಾರ್ಚ್ ೫, ಬುಧವಾರ. ಬೆಳಿಗ್ಗೆ ೭.೪೦

ತಂಗಿಯ ಫೋನ್. ದನಿ ತೀರಾ ಸಣ್ಣದಾಗಿತ್ತು.

“ನಿನ್ನೆ ಸಂಜೆ ಒಂದು ತಪ್ಪಾಯ್ತು ಅಕ್ಕ. ಒಬ್ರು ಅಜ್ಜಿ, ಅರ್ಧ ಮೈ ಸ್ವಾಧೀನ ಇಲ್ಲ. ‘ಮಿಗಿ ಜೋಪಾನ’ ಅಂದ್ರು ನರ್ಸು. ನಾನು ಜೋಪಾನಾನೇ ಮಾಡ್ದೆ. ಆ ಕೈ ಮುಟ್ಲೇ ಇಲ್ಲ. ಇನ್ನೊಂದು ಕೈ ಹಿಡಿದೆಳೆದು ಅಂಗಿ ತೋಳು ಬಿಡಿಸ್ದೆ. ಲಟಕ್ ಅಂತು.”

“ಆಮೇಲೆ?”

“ಅಜ್ಜಿ ಕೂಗ್ಲಿಲ್ಲ. ನನ್ನ ಮುಖಾನೇ ನೋಡ್ತಿದ್ರು.”

ಭುಜದ ಕೀಲು ತಪ್ಪಿದೆ. ಶುಕ್ರವಾರ ವಿಚಾರಣೆ. ಬಹುಶಃ ವಾಪಸ್ ಕಳಿಸುತ್ತಾರೆ.

“ಡ್ಯೂಟಿಗೆ ಹೋಗೋ ಮುಂಚೆ ನಿನ್ನ ಮೆಸೇಜ್ ನೋಡ್ದೆ. ಆಮೇಲೆ ಮಾಡೋಣ ಅಂದ್ಕೊಂಡೆ. ಚಿಕ್ಕೋಳಿದ್ದಾಗಿಂದ ನೀನು ಬೈತಿದ್ದೆಯಲ್ಲ, ನಿನ್ನ ಗಮನ ಎಲ್ಲಿ ಮೇಯೋಕ್ಕೆ ಹೋಗಿರುತ್ತೆ ಅಂತ. ನಿಜ ಅಕ್ಕ. ಪಾಠ ನೆಟ್ಟಗೆ ಕೇಳಿಸ್ಕೊಂಡಿಲ್ಲ ನಾನು.”

ಆಗಲೇ ಹೇಳಬೇಕಿತ್ತು.

“ಊಟ ಮಾಡಿದ್ಯಾ?” ಎಂದು ಕೇಳಿದೆ.

ಮಾರ್ಚ್ ೭, ಶುಕ್ರವಾರ. ೯.೨೦

ನಿನ್ನೆ ಬರೆಯಲಿಲ್ಲ. 

ಮುಖ್ಯಸ್ಥರು ಒಂದು ಕಾಗದ ಮುಂದಿಟ್ಟರು. ಈ ವಿಷಯ ಹೇಗೆ ಕಲಿಸಿದ್ದಿರಿ ಎಂದು ತಂಗಿ ಕೆಲಸ ಮಾಡುವ ವೃದ್ಧಾಶ್ರಮ ಕೇಳಿದೆ. ಪಾಠದಲ್ಲಿ ದೋಷವಿಲ್ಲ ಎಂದು ನಾನು ಸಹಿ ಮಾಡಬೇಕು.

“ಹುಡುಗಿ ತಪ್ಪು ಅಂದ್ರೆ ಒಬ್ಬಳು ವಾಪಸ್. ಪಾಠದ ತಪ್ಪು ಅಂದ್ರೆ ಮೂವತ್ತೊಂದೂ ಜನ ವಾಪಸ್. ನೀವು ಓದ್ಕೊಂಡೋರು, ಯೋಚ್ನೆ ಮಾಡಿ.”

“ಉಳಿದ ಮೂವತ್ತು ಜನಕ್ಕೆ ತಿಳಿಸಿದ್ರಾ?”

“ಆ ವಿಷಯ ಆಫೀಸಿಂದು.”

ಹೊರಗೆ ಕಾರಿಡಾರಿನಲ್ಲಿ ಎಡಿಟರ್ ಕಾದಿದ್ದ. ಎರಡು ದಿನದಿಂದ ಗಡ್ಡ ತೆಗೆದಿಲ್ಲ. “ಯಾರಿಗೂ ಏನೂ ಹೋಗಿಲ್ಲ ಮೇಡಂ,” ಎಂದು ನಂಬರುಗಳ ಪಟ್ಟಿ ಕೈಗಿಟ್ಟ. “ನಾನು ಕೊಟ್ಟೆ ಅಂತ ಹೇಳ್ಬೇಡಿ. ...ಹೇಳಿದ್ರೂ ಪರವಾಗಿಲ್ಲ.”

ಮೂರು ದಿನ. ಮೂವತ್ತು ಜನ. ಇನ್ನೆಷ್ಟು ಭುಜಗಳೋ. ಈಗಲೂ, ಇದನ್ನು ಬರೆಯುತ್ತಿರುವಾಗಲೂ ಯಾರೋ ಯಾರದೋ ತೋಳು ಬಿಡಿಸುತ್ತಿರಬಹುದು.

೧೦.೦೫

ಮೂವತ್ತು ಜನಕ್ಕೂ ಕಳಿಸಿದೆ. ನಮ್ಮ ಭಾಷೆಯಲ್ಲಿ, ಕಾರಣ ಸಮೇತ. ಒಬ್ಬಳ ಉತ್ತರ ಕೂಡಲೇ ಬಂತು: “ಅಯ್ಯೋ ಮೇಡಂ, ಅದಕ್ಕೇನಾ ಎಲ್ರೂ ನನ್ನ ಬೈತಿರೋದು.” ಇಪ್ಪತ್ತಮೂರು ಜನ ನೋಡಿದ್ದಾರೆ. ಏಳು ಜನ ಇನ್ನೂ ಇಲ್ಲ.

ವೃದ್ಧಾಶ್ರಮಕ್ಕೂ ಬರೆದೆ, ಜಪಾನಿ ಭಾಷೆಯಲ್ಲಿ. ಮೂಲ ವಿಡಿಯೊ, ತಿರುಗಿಸಿದ ವಿಡಿಯೊ ಎರಡನ್ನೂ ಲಗತ್ತಿಸಿದೆ. ಕಾಗದಕ್ಕೆ ಸಹಿ ಮಾಡಿಲ್ಲ.  ಮೂವತ್ತೊಂದು ಮನೆಯವರು ಬಾಗಿಲಿಗೆ ಬಂದರೆ ಏನು ಹೇಳಲಿ?

೧೦.೪೦

ವಿಚಾರಣೆ ನಮ್ಮ ಸಮಯ ಹನ್ನೊಂದಕ್ಕೆ. ಅದಕ್ಕೆ ಮೊದಲು ತಂಗಿಗೆ ನನ್ನ ಬಾಯಿಂದಲೇ ತಿಳಿಯಬೇಕು. ಬರೆದಿಟ್ಟುಕೊಂಡು ಓದುತ್ತೇನೆ, ಇಲ್ಲವಾದರೆ ನುಂಗಿಕೊಂಡುಬಿಡುತ್ತೇನೆ.

ನೀನು ಪಾಠವನ್ನು ಸರಿಯಾಗಿಯೇ ಕಲಿತೆ.

ಪಾಠವೇ ತಪ್ಪಾಗಿತ್ತು.

ಮಂಗಳವಾರ ಫೋನ್ ಮಾಡು ಅಂತ ಮೆಸೇಜ್ ಕಳಿಸಿದೆನಲ್ಲ, ಆಗ ನನಗೆ ಅದು ಗೊತ್ತಿತ್ತು.