ಒಂದು ಡಬ್ಬಿ ಕೆಂಪು ಮಣ್ಣು

ಖನಿಜ ಸಾಗಣೆಯ ತಪಾಸಣೆ ನಡೆಸುವ ಮಾನ್ಯ ಅಧಿಕಾರಿಗಳೇ,

ಗೋಡೆಯ ಮೇಲೆ ಚಿತ್ರ ಬರೆದವನನ್ನು ನೀವು ಅದಿರು ಕಳ್ಳನೆಂದು ಜೈಲಿಗೆ ಕಳಿಸಿದ್ದೀರಿ. ಇದು ಅನ್ಯಾಯ. ಇದನ್ನು ಮೆತ್ತಗೆ ಹೇಳಲು ಹೋದಾಗ ನಿಮ್ಮ ಕಚೇರಿಯವರು ನಮ್ಮನ್ನು ನಕ್ಕು ಕಳಿಸಿದರು. ಆದ್ದರಿಂದ ಊರೆಲ್ಲ ಓದಲೆಂದು ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ.

ನಿಮ್ಮ ಕಾಗದಗಳಲ್ಲಿ ‘ಆರೋಪಿ’ ಎಂದಷ್ಟೇ ಇರುವ ನದೀಮ್, ಕೌಲ್ ಬಜಾರಿನಲ್ಲಿ ಆಟೋಗಳ ಹಿಂದೆ ಹೆಸರು, ಹೂವು, ನವಿಲು ಬರೆದು ಬದುಕುವವನು. ಊರಿಗೆ ಫ್ಲೆಕ್ಸ್ ಬೋರ್ಡುಗಳು ಬಂದ ಮೇಲೆ ಕುಂಚದವರನ್ನು ಕೇಳುವವರಿಲ್ಲ. ಈಗ ನಮ್ಮ ಗೋಡೆಗಳ ಮೇಲೆ ಇರುವುದೇನು? ಮುಖಂಡರ ಹುಟ್ಟುಹಬ್ಬದ ಶುಭಾಶಯ, ಮೂಲವ್ಯಾಧಿ ಔಷಧದ ಜಾಹೀರಾತು, ಮೂತ್ರ ಮಾಡಬೇಡಿ ಎಂಬ ಆಜ್ಞೆ. ಗೋಡೆ ಬೀದಿಯವರದ್ದೂ ಹೌದು ಎಂದು ನಾನು ಎಷ್ಟೋ ಕರಪತ್ರಗಳಲ್ಲಿ ಓದಿದ್ದೆ. ಓದಿದ್ದನ್ನು ಒಮ್ಮೆಯಾದರೂ ಮಾಡಿ ನೋಡೋಣ ಎಂದು ನಾವು ಕೆಲವರು ಸೇರಿ ಗೋಡೆಬರಹದ ಹಬ್ಬ ಮಾಡಿದೆವು. ಸಿರುಗುಪ್ಪದಿಂದ ಹಳೆಯ ಬೋರ್ಡ್ ಕಲಾವಿದ ಉಚ್ಚೆಂಗೆಪ್ಪ ಬಂದರು. ತಿಪ್ಪೇರುದ್ರಪ್ಪನವರು ತಮ್ಮ ಮುಚ್ಚಿದ ಶೇಂಗಾ ಗೋದಾಮಿನ ಉದ್ದನೆಯ ಗೋಡೆ ಬಿಟ್ಟುಕೊಟ್ಟರು. “ಬರಕೊಳ್ರಪ್ಪಾ. ಎಲೆಕ್ಷನ್ ಬಂದ್ರ ಪಾರ್ಟಿಯವರು ನನ್ನ ಕೇಳಿ ಬರೀತಾರೇನು?” ಎಂದರು.

ನಿಯಮ ಒಂದೇ ಇತ್ತು: ಯಾರ ಹೆಸರು ಎಲ್ಲೂ ಬರೆದಿಲ್ಲವೋ ಅವರ ಹೆಸರು ಇಲ್ಲಿ ಬರೆಯಬೇಕು. ಹಮಾಲರು, ಬೀಡಿ ಕಟ್ಟುವ ಹೆಂಗಸರು, ಪಂಕ್ಚರ್ ಹಾಕುವವರು ಬಂದು ತಮ್ಮ ಹೆಸರು ಕೊಟ್ಟರು. ನದೀಮ್ ಒಂದೊಂದು ಅಕ್ಷರವನ್ನು ಆಳೆತ್ತರಕ್ಕೆ ಬರೆದು, ಅದರೊಳಗೆ ಬಳ್ಳಿ, ಹಕ್ಕಿ, ಹೊಲಿಗೆ ಯಂತ್ರ ತುಂಬಿದ. ಬಿಳಿಗೆ ಸುಣ್ಣವಿತ್ತು, ಕಪ್ಪಿಗೆ ಮಸಿ ಇತ್ತು. ಕೆಂಪು ಬೇಕಾದಾಗ ನದೀಮ್ ಪೊರಕೆ ಹಿಡಿದು ರಸ್ತೆಗಿಳಿದ. ನಿಮ್ಮ ಕಣ್ಣೆದುರೇ ಹಾಯುವ ಗಣಿ ಲಾರಿಗಳಿಂದ ಉದುರಿ, ಅಂಗಡಿಯ ಬ್ರೆಡ್ಡಿನ ಮೇಲೂ ಕೂರುವ ಆ ಧೂಳನ್ನು ಗುಡಿಸಿ, ಜರಡಿ ಹಿಡಿದು, ಜಾಲಿ ಅಂಟಿನಲ್ಲಿ ಕಲಸಿದ. ಅಂಥ ಕೆಂಪು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಅಷ್ಟರಲ್ಲಿ ನಿಮ್ಮ ಜೀಪು ಬಂತು. ನಿಮ್ಮವರು ಡಬ್ಬಿ ತೋರಿಸಿ ಇದೇನು ಎಂದು ಕೇಳಿದಾಗ ಪಕ್ಕದಲ್ಲಿ ಕೂತಿದ್ದವಳು ನದೀಮನ ಅಜ್ಜಿ ಸರ್ವರಬಿ. ಕೌಲ್ ಬಜಾರಿನಲ್ಲಿ ಅದನ್ನು ಯಾರೂ ಅದಿರು ಎನ್ನುವುದಿಲ್ಲ. ಬಾಗಿಲಿಗೆ ಬಂದು ಬೀಳುವುದು ನಮಗೆ ಬರೀ ಮಣ್ಣು. ಅದಿರು ಎಂಬುದು ದೊಡ್ಡವರ ಮಾತು, ಬಂಗಲೆ ಕಟ್ಟಿಸಿದವರ ಮಾತು. ಮೊಮ್ಮಗನ ಕೆಲಸ ಸಣ್ಣದಾಗಿ ಕಾಣಬಾರದೆಂದು ಆಕೆ ಆ ದೊಡ್ಡ ಮಾತನ್ನೇ ಆಡಿದಳು: “ಅದಿರು ರೀ ಸಾಹೇಬ್ರ. ಸಾದಾ ಮಣ್ಣಲ್ಲ.”

ನಿಮ್ಮವರು ಅಷ್ಟನ್ನೇ ಬರೆದುಕೊಂಡರು. ಪರವಾನಗಿ ಇಲ್ಲದ ಅದಿರು, ಮನೆಯವರೇ ಒಪ್ಪಿದ್ದಾರೆ. ನದೀಮನನ್ನು ಹತ್ತಿಸಿಕೊಂಡು ಹೋದರು. ಪುರಾವೆಗೆ ನಮೂನೆ ಬೇಕೆಂದು ಗೋಡೆಯನ್ನೂ ಕೆರೆದರು. ಕೈಗೆಟುಕಿದ್ದು ಸರ್ವರಬಿಯ ಹೆಸರು. ಅಲ್ಲಿ ಈಗ ‘ರಬಿ’ ಮಾತ್ರ ಉಳಿದಿದೆ; ‘ಸರ್ವ’ವನ್ನೂ ನೀವು ಪೊಟ್ಟಣ ಕಟ್ಟಿ ಒಯ್ದಿದ್ದೀರಿ.

ಮರುದಿನ ನಾನು ಆಕೆಯನ್ನು ನಿಮ್ಮ ಕಚೇರಿಗೆ ಕರೆತಂದೆ. ಆ ಮಾತು ತಪ್ಪಿ ಬಂತು, ಮಣ್ಣು ಎಂದು ಬರೆದುಕೊಳ್ಳಿ ಎಂದು ಆಕೆ ಸೆರಗೊಡ್ಡಿ ಬೇಡಿದಳು. ನಿಮ್ಮ ಗುಮಾಸ್ತರು ತಲೆ ಎತ್ತದೆ ಹೇಳಿದರು: “ಅದಿರು ಅಂತ ನೀನ ಹೇಳೀದಿ ಬೇ. ಇವತ್ತು ಮಣ್ಣು ಅಂತಿ, ನಾಳಿ ಕುಂಕುಮ ಅಂತಿ. ನಾವು ಎಷ್ಟು ಸಲ ಬರೀಬೇಕು?” ಇದು ಯಾವ ಕಾನೂನು ಎಂದು ನಾನು ಕೇಳಿದ್ದಕ್ಕೆ, ಕರಪತ್ರ ಓದಿದವರ ಕಾಟ ಹೆಚ್ಚಾಯಿತೆಂದು ಪಕ್ಕದವರ ಜೊತೆ ನಕ್ಕರು. ಬಸ್ ಸ್ಟ್ಯಾಂಡಿನಲ್ಲಿ ಸರ್ವರಬಿ ಕೇಳಿದಳು: “ನನ್ನ ಬಾಯಿಂದ್ಲೇ ಒಳಗ ಹೋದನಲ್ಲವ್ವಾ ಅವನು?” ಇದಕ್ಕೆ ನಿಮ್ಮ ಬಳಿ ಉತ್ತರ ಇದೆಯೇ?

ಮಾನ್ಯರೇ, ನಿಮ್ಮ ಕರ್ತವ್ಯನಿಷ್ಠೆಯನ್ನು ನಾನು ಮೆಚ್ಚಲೇಬೇಕು. ಬೆಟ್ಟಗಳು ಲಾರಿ ಹತ್ತಿ ಬಂದರಿನ ಕಡೆ ಹೊರಟಿರುವಾಗ ನಿಮಗೆ ಒಂದು ಡಬ್ಬಿ ಕಂಡಿತು. ಟಾರ್ಪಾಲಿಲ್ಲದೆ ಓಡುವ ಲಾರಿಯದು ಸಾಗಣೆಯಂತೆ, ಅದು ಚೆಲ್ಲಿದ್ದನ್ನು ಗುಡಿಸಿದವನು ಕಳ್ಳನಂತೆ. ಚೆಲ್ಲಿದವನನ್ನು ಬಿಟ್ಟು ಬಳಿದವನನ್ನು ಹಿಡಿಯುವ ನ್ಯಾಯ ಯಾವ ಪುಸ್ತಕದಲ್ಲಿದೆ? ನನ್ನ ಹುಟ್ಟೂರು ಕುರುಗೋಡಿನ ಗುಡಿಗಳಲ್ಲಿ ಅರಸರು ತಮ್ಮ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸಿದ್ದಾರೆ. ಅದು ಶಾಸನ; ಅದಕ್ಕೆ ಸರಕಾರದ ಬೇಲಿ ಇದೆ. ಹಮಾಲರ ಹೆಸರನ್ನು ಮಣ್ಣಿನಲ್ಲಿ ಬರೆದರೆ ಮಾತ್ರ ಕೇಸು. ಬರೆಯುವುದು ತಪ್ಪಲ್ಲ, ಯಾರ ಹೆಸರು ಎಂಬುದೇ ತಪ್ಪು, ಅಲ್ಲವೇ?

ಉಳಿದ ಗೋಡೆಗೆ ಈಗ ಯಾರೂ ಕೈ ಹಚ್ಚುತ್ತಿಲ್ಲ. ಉಚ್ಚೆಂಗೆಪ್ಪ ಸಿರುಗುಪ್ಪಕ್ಕೆ ಮರಳಿದರು. ಹೆಸರು ಬರೆಸಿದ ಹಮಾಲರೊಬ್ಬರು ಬಂದು, ಅದಿರು ಕೇಸಿನಲ್ಲಿ ತಮ್ಮ ಹೆಸರೂ ಬಂದೀತೆಂದು, ಅದನ್ನು ಅಳಿಸಲು ಕೇಳಿಕೊಂಡರು. ನಾನೇ ಸುಣ್ಣ ಬಳಿದು ಅಳಿಸಿದೆ. ನೀವು ಗೆದ್ದಿದ್ದೀರಿ, ಅದನ್ನು ತಿಳಿಸಲೂ ಈ ಪತ್ರ.

ನನ್ನ ಬೇಡಿಕೆ ಒಂದೇ ಪದದ್ದು. ಸರ್ವರಬಿಯ ಹೇಳಿಕೆಯಲ್ಲಿ ‘ಅದಿರು’ ಎಂದಿರುವಲ್ಲಿ ‘ಮಣ್ಣು’ ಎಂದು ತಿದ್ದಿರಿ. ಕೇಸು ಹಿಂತೆಗೆದು ನದೀಮನನ್ನು ಬಿಡಿಸಿರಿ. ತಿದ್ದಲಾಗದಿದ್ದರೆ, ಈ ಊರಿನ ಪ್ರತಿ ಮನೆಯಲ್ಲೂ ಇರುವ ಅದೇ ಮಾಲಿಗಾಗಿ ಎಲ್ಲರ ಮೇಲೂ ಕೇಸು ಹಾಕಿರಿ. ನಿಮಗೆ ಓಡಾಟದ ಕಷ್ಟ ಬೇಡ. ನಮ್ಮ ನಮ್ಮ ಮನೆ ಗುಡಿಸಿದ ಧೂಳನ್ನು ನಾವೇ ಹೊತ್ತು ತರುತ್ತೇವೆ. ಬೀದಿಯಲ್ಲಿ ಕೇಳಿದಾಗ ಬರುತ್ತೇವೆ ಎಂದವರು ಬಹಳ ಜನ. ಅರ್ಧ ಮನೆಗಳ ಅನ್ನ ಆ ಲಾರಿಗಳದ್ದೇ ಆದ್ದರಿಂದ ನಾನು ಯಾರನ್ನೂ ನಂಬಿಕೊಂಡಿಲ್ಲ. ಸರ್ವರಬಿ ಮತ್ತು ನಾನಂತೂ ಬರುತ್ತೇವೆ. ಬರುವ ಸೋಮವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ, ನಿಮ್ಮ ಕಚೇರಿಯ ಮೆಟ್ಟಿಲ ಮೇಲೆ. ತಕ್ಕಡಿ ಇಟ್ಟುಕೊಂಡಿರಿ.

ಇಂತಿ,
ಉಸಿರಾಡಿ ಉಸಿರಾಡಿ ಎದೆಗೂಡಿನಲ್ಲಿ ಪರವಾನಗಿ ಇಲ್ಲದೆ ಅದಿರು ದಾಸ್ತಾನು ಮಾಡಿಕೊಂಡಿರುವ,
ಹೇಮಾ ಕುರುಗೋಡು